ಪದವೀಧರೆಯ ಗಂಡ

ಹೊಟ್ಟೆಕಿಚ್ಚಿಗೆ ಕಣ್ಣಿಲ್ಲ ಎನ್ನುವವರು ನಮ್ಮ ಉಜಿರೆಯ ಸಂಪತ್‌ಕುಮಾರನನ್ನು ನೋಡಿಲ್ಲ. ಅವನ ಹೊಟ್ಟೆಕಿಚ್ಚಿಗೆ ಕಣ್ಣಿತ್ತು, ಕಿವಿಯಿತ್ತು, ಮೊಬೈಲಿತ್ತು, ಬಂಟ್ವಾಳದಿಂದ ಮೂಡುಬಿದಿರೆಯವರೆಗೆ ಸುತ್ತಲು ಒಂದು ಬೈಕೂ ಇತ್ತು. ಸಾಲದ್ದಕ್ಕೆ ಆ ವರ್ಷ ಪಕ್ಷದವರು ಅದಕ್ಕೊಂದು ಹುದ್ದೆಯನ್ನೂ ಕೊಟ್ಟರು.

ಪದವೀಧರ ಕ್ಷೇತ್ರದಿಂದ ವಿಧಾನ ಪರಿಷತ್ತಿಗೆ ಚುನಾವಣೆ ಬರುವುದಿತ್ತು. ಈ ಚುನಾವಣೆಯ ರೀತಿಯೇ ಬೇರೆ. ಡಿಗ್ರಿ ಆದವರಿಗೆ ಮಾತ್ರ ಮತ, ಅದೂ ತಾನಾಗಿ ಸಿಗುವುದಿಲ್ಲ. ಪ್ರತಿ ಸಲವೂ ಹಳೆಯ ಪಟ್ಟಿಯನ್ನು ಬದಿಗಿಟ್ಟು ಎಲ್ಲರೂ ಹೊಸದಾಗಿ ಅರ್ಜಿ ಕೊಡಬೇಕು. ‘ಕಳೆದ ಸಲ ಕೊಟ್ಟಿದ್ದೆನಲ್ಲ’ ಎಂದು ಮನೆಯಲ್ಲಿ ಕುಳಿತವನಿಗೆ ಮತದಾನದ ದಿನವೂ ಮನೆಯೇ ಗತಿ. ಹಾಗಾಗಿ ಇಲ್ಲಿ ಗೆಲ್ಲಬೇಕೆಂದಿರುವವನು ಮತ ಕೇಳುವುದಕ್ಕಿಂತ ಮೊದಲು ಮತದಾರರನ್ನು ತಯಾರು ಮಾಡಬೇಕು. ಮನೆಮನೆಗೆ ಹೋಗಿ, ಪೆಟ್ಟಿಗೆಯ ತಳದಲ್ಲಿರುವ ಅಂಕಪಟ್ಟಿಗಳನ್ನು ಹೊರಗೆ ತೆಗೆಸಿ, ಜೆರಾಕ್ಸ್ ಮಾಡಿಸಿ, ದೊಡ್ಡ ಅಧಿಕಾರಿಯ ಸಹಿ ಹಾಕಿಸಿ, ತಾಲೂಕು ಕಚೇರಿಗೆ ಮುಟ್ಟಿಸಬೇಕು.

ಪಕ್ಷದ ಟಿಕೆಟಿಗೆ ನಮ್ಮ ಕಡೆಯಿಂದ ಇಬ್ಬರು ಹೊರಟಿದ್ದರು. ಒಬ್ಬ ಬಂಟ್ವಾಳದ ವಕೀಲ ಮುರಳಿ. ಇನ್ನೊಬ್ಬ ಮೂಡುಬಿದಿರೆಯಲ್ಲಿ ಕಾಲೇಜು ಪಾಠ ಮಾಡುವ ಶಶಿರಾಜ್. ಬಂಟ್ವಾಳ, ಮೂಡುಬಿದಿರೆ, ಬೆಳ್ತಂಗಡಿ ಈ ಮೂರು ತಾಲೂಕುಗಳಲ್ಲಿ ಯಾರು ಹೆಚ್ಚು ಮಂದಿಯನ್ನು ನೋಂದಾಯಿಸುತ್ತಾರೋ ಅವರ ಹೆಸರನ್ನು ಮಾತ್ರ ಬೆಂಗಳೂರಿಗೆ ಕಳಿಸುವುದು ಎಂದು ಪಕ್ಷದ ಹಿರಿಯರು ತೀರ್ಮಾನಿಸಿದರು. ಚುನಾವಣೆಯ ಮೊದಲು ಮನೆಯೊಳಗೇ ಒಂದು ಚುನಾವಣೆ. ಇಬ್ಬರೂ ಎಲ್ಲಿ ಹೋಗುತ್ತಾರೆ, ಯಾರ ಮನೆಯಲ್ಲಿ ಎಷ್ಟು ಅರ್ಜಿ ಮಾಡಿಸುತ್ತಾರೆ ಎಂದು ದಿನವೂ ನೋಡಿ ವರದಿ ಕೊಡಲು ಒಬ್ಬ ನಂಬಿಗಸ್ತ ಬೇಕಾಗಿತ್ತು. ಊರಿನವರು ತಾವಾಗಿ ತಂದುಕೊಡುವ ಅರ್ಜಿಗಳನ್ನು ಯಾರ ಲೆಕ್ಕಕ್ಕೂ ಸೇರಿಸದೆ ಕಚೇರಿಗೆ ಮುಟ್ಟಿಸುವುದೂ ಅವನದೇ ಕೆಲಸ. ಪಕ್ಷದ ಕೆಲಸವನ್ನೆಲ್ಲ ನೋಡಿಕೊಳ್ಳುತ್ತಿದ್ದ ನಿವೃತ್ತ ಹೆಡ್‌ಮಾಸ್ಟರ್ ವೆಂಕಟೇಶ್ವರರು ಸಂಪತ್‌ಕುಮಾರನ ಪೈಂಟ್ ಅಂಗಡಿಗೆ ಬಂದು ಸ್ಟೂಲಿನಲ್ಲಿ ಕುಳಿತರು.

“ನೀನೇ ಸರಿ ಮಾರಾಯ,” ಎಂದರು. “ನಿನಗೆ ಪಿಯುಸಿ ಮಾತ್ರ. ಮತವೇ ಇಲ್ಲ. ಹಾಗಾಗಿ ನೀನು ಯಾರ ಕಡೆಯೂ ಅಲ್ಲ.”

ಇದು ಹೊಗಳಿಕೆಯೋ ತೆಗಳಿಕೆಯೋ ಎಂದು ಬೇರೆಯವನಾದರೆ ಯೋಚಿಸುತ್ತಿದ್ದ. ಸಂಪತ್‌ಕುಮಾರನಿಗೆ ಶಶಿರಾಜ್ ಎಂಬ ಹೆಸರು ಕೇಳಿದ ಮೇಲೆ ಬೇರೇನೂ ಕೇಳಲಿಲ್ಲ. “ಆಯ್ತು ಮಾಸ್ಟ್ರೆ, ನಾನು ನೋಡಿಕೊಳ್ತೇನೆ,” ಎಂದುಬಿಟ್ಟ.

ಕಾರಣ ಹಳೆಯದು. ಅವನ ಮದುವೆಯ ಊಟದ ಪಂಕ್ತಿಯಲ್ಲಿ ಹೆಂಡತಿಯ ಚಿಕ್ಕಮ್ಮ ಅನಂತಮತಿ ಪಕ್ಕದಲ್ಲಿ ಕುಳಿತಿದ್ದರು. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, ಯಾರೂ ಕೇಳದೆಯೇ, “ನಮ್ಮ ಸಾಧನಾಳನ್ನು ಮೊದಲು ಶಶಿರಾಜ್ ಅಂತ ಒಬ್ಬ ಹುಡುಗ ನೋಡಿ ಹೋಗಿದ್ದ. ಎಂ.ಎ. ಓದಿದವ. ಎಂಥಾ ಚಂದದ ಹುಡುಗ! ಎಂತದೋ ಕೂಡಿ ಬರಲಿಲ್ಲ,” ಎಂದಿದ್ದರು. ಹೇಳಿದವರು ಆಗಲೇ ಮರೆತು ಸಾರಿಗೆ ಕೈ ಚಾಚಿದರು. ಕೇಳಿದವನು ಹದಿನಾಲ್ಕು ವರ್ಷ ಮರೆಯಲಿಲ್ಲ. ಆ ಮದುವೆಯ ಕಾಗದದಲ್ಲಿ ಸಾಧನಾಳ ಹೆಸರಿನ ಮುಂದೆ ಬಿ.ಎ. ಎಂದು ಅಚ್ಚಾಗಿತ್ತು, ಅವನ ಹೆಸರಿನ ಮುಂದೆ ಖಾಲಿ ಜಾಗವಿತ್ತು. ಎಂ.ಎ. ಓದಿದವನಾಗಿದ್ದರೆ ಆ ಜಾಗ ಖಾಲಿ ಇರುತ್ತಿರಲಿಲ್ಲ ಎಂದು ಅವನಿಗೆ ಆಗಾಗ ಅನ್ನಿಸುವುದಿತ್ತು.

ಹೆಂಡತಿಯಲ್ಲಿ ಈ ವಿಷಯ ಎತ್ತಲಿಲ್ಲ. ಎತ್ತಿದರೆ ಅವಳಿಗೆ ನೆನಪಾಗುತ್ತದೆ ಎಂಬ ಭಯ. ಎತ್ತದಿದ್ದರೆ ಅವಳು ಒಳಗೊಳಗೇ ನೆನೆಯುತ್ತಿರಬಹುದು ಎಂಬ ಸಂಕಟ. ಇಂಥವರಿಗೆ ದೇವರೂ ಮದ್ದು ಕೊಡಲಾರ.

ಹುದ್ದೆ ಸಿಕ್ಕಿದ ಮರುದಿನದಿಂದಲೇ ಅವನು ಅಂಗಡಿಯನ್ನು ಕೆಲಸದವರಿಗೆ ಬಿಟ್ಟು ಬೈಕ್ ಹತ್ತಿದ. ಬೆಳಿಗ್ಗೆ ಶಶಿರಾಜ್ ಕೊಕ್ಕಡದ ರಬ್ಬರ್ ಸೊಸೈಟಿಯಲ್ಲಿದ್ದರೆ ಇವನೂ ಅಲ್ಲಿ. ಮಧ್ಯಾಹ್ನ ವಾಮದಪದವಿನಲ್ಲಿ ಯಾರದೋ ಗೃಹಪ್ರವೇಶದ ಊಟಕ್ಕೆ ಕುಳಿತರೆ ಇವನು ಎದುರಿನ ಪಂಕ್ತಿಯಲ್ಲಿ. ಶಶಿರಾಜ್ ಯಾವ ಅಂಗಿ ಹಾಕಿದ್ದಾನೆ, ಹೆಂಗಸರೊಂದಿಗೆ ಮಾತಾಡುವಾಗ ಎಷ್ಟು ನಗುತ್ತಾನೆ, ಮುದುಕಿಯರ ಕಾಲಿಗೆ ನಿಜವಾಗಿ ಬೀಳುತ್ತಾನೋ ಬಗ್ಗಿದಂತೆ ಮಾಡುತ್ತಾನೋ ಎಲ್ಲವನ್ನೂ ಗಮನಿಸಿದ. ಆ ಮನುಷ್ಯನ ಕೂದಲು ಇನ್ನೂ ಉದುರಿರಲಿಲ್ಲ. ಇದು ಸಂಪತ್‌ಕುಮಾರನಿಗೆ ಬಹಳ ನೋವು ಕೊಟ್ಟಿತು.

ಪ್ರತಿದಿನ ಸಂಜೆ ವರದಿ ಹೋಗುತ್ತಿತ್ತು. ಒಂದು ದಿನ ಮಾಸ್ಟರು ಫೋನ್ ಮಾಡಿದರು.

“ಎಂತ ಸಂಪತ್ತು, ಶಶಿರಾಜ್ ಎಷ್ಟು ಲೋಟ ಚಹಾ ಕುಡಿದ ಅಂತಲೂ ಬರೆದಿದ್ದೀ. ಮುರಳಿ ಬದುಕಿದ್ದಾನಾ ಇಲ್ವಾ?”

“ಅವರು ಬಂಟ್ವಾಳ ಕಡೆ ಇದ್ದಾರೆ ಮಾಸ್ಟ್ರೆ.”

“ಬಂಟ್ವಾಳ ಎಂತ, ಬೇರೆ ದೇಶವಾ? ಅಲ್ಲಿಗೂ ಒಮ್ಮೆ ಹೋಗು ಮಾರಾಯ.”

ಹೋಗಲಿಲ್ಲ ಎಂದಲ್ಲ, ಹೋದ. ಮುರಳಿಯ ವಿಷಯದಲ್ಲಿ ಒಂದು ಸಾಲು ಬರೆದ. ಮರುದಿನ ಮತ್ತೆ ಮೂಡುಬಿದಿರೆ.

ಮನೆಯಲ್ಲಿ ಜೈನರ ಕ್ರಮದಂತೆ ಕತ್ತಲಾಗುವ ಮೊದಲು ಊಟ ಮುಗಿಸುವ ರೂಢಿ. ಬಟ್ಟಲ ಮುಂದೆ ಕುಳಿತ ಕೂಡಲೇ ಅವನು ಶುರು ಮಾಡುತ್ತಿದ್ದ. ಇವತ್ತು ಆ ಶಶಿರಾಜ್ ಅಲ್ಲಿ ಹೋಗಿದ್ದ, ಇಲ್ಲಿ ಭಾಷಣ ಮಾಡಿದ, ಒಳ್ಳೆ ಸ್ವರವಂತೆ, ಎಲ್ಲ ಬಾಯಿಪಾಠ. ಹೇಳುತ್ತಾ ಹೆಂಡತಿಯ ಮುಖ ನೋಡುತ್ತಿದ್ದ. ಸಾಧನಾ ಪಲ್ಯ ಬಡಿಸುತ್ತಿದ್ದಳು. ಅವಳು ಸುಮ್ಮನಿದ್ದರೆ, ಅಡಗಿಸುತ್ತಿದ್ದಾಳೆ ಎಂದುಕೊಂಡ. ಒಮ್ಮೆ ಅವಳು ಮಾತಿಗೆ ಮಾತೆಂದು, “ಎಂತ ಪಾಠ ಮಾಡುದಂತೆ ಅವರು?” ಎಂದು ಕೇಳಿದಾಗ, ನೋಡು, ಆಸಕ್ತಿ ಉಂಟು ಎಂದುಕೊಂಡ. ಅವಳು ಎಂತ ಮಾಡಿದರೂ ತಪ್ಪೇ ಆಗಿತ್ತು, ಪಾಪ, ಅವಳಿಗೇ ಗೊತ್ತಿರಲಿಲ್ಲ.

ಹೀಗಿರುವಾಗ ಒಂದು ಸಂಜೆ ಸಾಧನಾ ಕೈ ತೊಳೆದು ಬಂದು ಎದುರು ಕುಳಿತಳು.

“ಊರಿನವರದ್ದೆಲ್ಲ ಮಾಡಿಸ್ತೀರಿ. ನನ್ನದೂ ಒಂದು ಅರ್ಜಿ ಕೊಡಿ.”

ಅವನು ಬಟ್ಟಲಿನಿಂದ ತಲೆ ಎತ್ತಿದ. “ನಿನಗೆ ಯಾಕೆ ಈಗ?”

“ಯಾಕೆ ಅಂದ್ರೆ? ನಾನು ಡಿಗ್ರಿ ಮಾಡಿದವಳಲ್ವಾ? ಅದರ ಉಪಯೋಗ ಆದದ್ದು ಮದುವೆ ಕಾಗದದಲ್ಲಿ ಹಾಕ್ಲಿಕ್ಕೆ ಮಾತ್ರ. ಕಳೆದ ಸಲ ಮಗಳಿಗೆ ಜ್ವರ ಅಂತ ಬಿಟ್ಟುಹೋಯ್ತು. ಈ ಸಲ ನನಗೆ ಬೇಕೇ ಬೇಕು.”

ಬೇಕೇ ಬೇಕು ಎಂದಳು. ಹದಿನಾಲ್ಕು ವರ್ಷದಲ್ಲಿ ಅವಳು ಸೀರೆಗೂ ಬಂಗಾರಕ್ಕೂ ಹಾಗೆ ಹೇಳಿದವಳಲ್ಲ. ಕಾಲೇಜಿನಲ್ಲಿ ಇತಿಹಾಸದಲ್ಲಿ ತರಗತಿಗೇ ಮೊದಲಿಗಳಾಗಿದ್ದವಳು, ಪರೀಕ್ಷೆ ಮುಗಿದ ತಿಂಗಳಲ್ಲೇ ಮದುವೆಯಾಗಿ ಬಂದು ಲೆಕ್ಕಕ್ಕಿಲ್ಲದವಳಂತೆ ಇದ್ದುಬಿಟ್ಟಿದ್ದಳು. ಈಗ ಒಂದು ಕಡೆಯಾದರೂ ತಾನು ಓದಿದ್ದು ಲೆಕ್ಕಕ್ಕೆ ಬರುತ್ತದೆ ಎಂದು ಗೊತ್ತಾಗಿ ಅವಳಿಗೆ ಉಮೇದು ಬಂದಿತ್ತು. ಗಂಡನಾದವನಿಗೆ ಇದು ಕಾಣಬೇಕಿತ್ತು. ಸಂಪತ್‌ಕುಮಾರನಿಗೆ ಕಂಡದ್ದು ಬೇರೆ. ಮತಪತ್ರದಲ್ಲಿ ಶಶಿರಾಜ್ ಎಂಬ ಹೆಸರು, ಅದರ ಮುಂದೆ ತನ್ನ ಹೆಂಡತಿಯ ಕೈ. ಪರದೆಯ ಹಿಂದೆ. ತಾನು ಹೊರಗೆ, ಮತವೇ ಇಲ್ಲದವನು.

“ಸರ್ಟಿಫಿಕೇಟ್ ಉಂಟಾ?” ಎಂದ.

“ಮಾರ್ಕ್ಸ್ ಕಾರ್ಡ್ ಉಂಟು.”

“ಅದು ಸಾಕಾಗುದಿಲ್ಲ. ಯೂನಿವರ್ಸಿಟಿಯದ್ದು ಬೇಕು, ದೊಡ್ಡದು, ಪದವಿ ಪ್ರಮಾಣಪತ್ರ.”

ಅಂಕಪಟ್ಟಿ ಸಾಕಾಗುತ್ತಿತ್ತು. ಅದೇ ದಿನ ಬೆಳಿಗ್ಗೆ ಪಕ್ಕದ ಮನೆಯ ರಾಫಿಯಾಳಿಂದ ಅವನು ಬರೀ ಅಂಕಪಟ್ಟಿಯೇ ತೆಗೆದುಕೊಂಡಿದ್ದ. ಆದರೆ ನಮ್ಮಲ್ಲಿ ಪ್ರಮಾಣಪತ್ರ ತೆಗೆದುಕೊಂಡ ಹೆಂಗಸರು ಕಡಿಮೆ. ಫಲಿತಾಂಶ ಬರುವಾಗ ಅವರು ಗಂಡನ ಮನೆಯಲ್ಲಿರುತ್ತಾರೆ, ಘಟಿಕೋತ್ಸವಕ್ಕೆ ಯಾರು ಹೋಗುವುದು? ಇದು ಗೊತ್ತಿದ್ದೇ ಅವನು ಹೇಳಿದ್ದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅವಳು ಒಂದೆರಡು ದಿನ ಬೇಸರಪಟ್ಟು ಬಿಡುತ್ತಾಳೆ ಎಂಬುದು ಅವನ ಅಂದಾಜು.

ಅವಳು ಬಿಡಲಿಲ್ಲ. ಮೂರನೆಯ ದಿನ ಬೆಳಗಿನ ಬಸ್ಸಿಗೆ ಕೊಣಾಜೆಯ ಯೂನಿವರ್ಸಿಟಿಗೆ ಹೊರಟಳು, ಒಬ್ಬಳೇ. ಅವನು ಮೂಡುಬಿದಿರೆಗೆ ಹೋಗಿ ನೋಡಿದರೆ ಶಶಿರಾಜ್ ಇಲ್ಲ! ಕಾಲೇಜಿಗೆ ರಜೆ ಹಾಕಿದ್ದ. ಫೋನ್ ಸ್ವಿಚ್ ಆಫ್. ಎಲ್ಲಿಗೆ ಎಂದು ಯಾರಿಗೂ ಗೊತ್ತಿಲ್ಲ.

ಆ ದಿನ ಸಂಪತ್‌ಕುಮಾರ ಪಟ್ಟ ಪಾಡು ಶತ್ರುವಿಗೂ ಬೇಡ. ಬೈಕ್ ತಿರುಗಿಸಿ, ಅವಳು ಬಸ್ ಬದಲಿಸುವ ಬಿ.ಸಿ.ರೋಡಿಗೆ ಹೋದ. ಬಸ್ ನಿಲ್ದಾಣದ ಮುಂದಿನ ಹೋಟೆಲುಗಳಲ್ಲಿ ಇಣುಕಿ ನೋಡಿದ, ಫ್ಯಾಮಿಲಿ ರೂಮುಗಳಲ್ಲೂ. ಹೆಂಡತಿಗೆ ಫೋನ್ ಮಾಡಿದ, ಅವಳು ಎತ್ತಲಿಲ್ಲ. ಎತ್ತದಿರಲು ಅವಳಿಗೆ ಏನು ಕಾರಣ? ಕಾರಣ ತಾನೇ ಹುಡುಕಿಕೊಂಡ. ಮಧ್ಯಾಹ್ನವಾದರೂ ಅವನಿಗೆ ಒಂದು ಎಳನೀರು ಕುಡಿಯಬೇಕೆಂದೂ ತೋಚಲಿಲ್ಲ.

ಸಂಜೆ ಸಾಧನಾ ಕಾಲು ಎಳೆಯುತ್ತಾ ಬಂದಳು. ಕೌಂಟರಿನಿಂದ ಕೌಂಟರಿಗೆ ಅಲೆದಿದ್ದಳಂತೆ, ಫೋನ್ ಬ್ಯಾಗಿನ ಅಡಿಯಲ್ಲಿತ್ತಂತೆ. “ಅರ್ಜಿ ತಗೊಂಡ್ರು. ಅಂಚೆಯಲ್ಲಿ ಬರ್ತದಂತೆ. ಯಾವಾಗ ಅಂತ ಹೇಳ್ಲಿಲ್ಲ,” ಎಂದಳು. ಸ್ವಲ್ಪ ಹೊತ್ತಿನಲ್ಲಿ ಮೊಬೈಲಿನಲ್ಲಿ ಪಕ್ಷದ ಗುಂಪಿಗೆ ಶಶಿರಾಜ್‌ನ ಒಂದು ಫೋಟೋ ಬಂತು. ಹಲ್ಲು ಕೀಳಿಸಿಕೊಂಡು ಒಂದು ಕೆನ್ನೆ ಊದಿತ್ತು. ಸಂಪತ್‌ಕುಮಾರ ಆ ಫೋಟೋವನ್ನು ದೊಡ್ಡದು ಮಾಡಿ ನೋಡಿದ. ಸಮಾಧಾನವಾಯಿತು. ಆದರೂ ಹಲ್ಲು ಕೀಳುವುದಕ್ಕೆ ಇಡೀ ದಿನ ಬೇಕಾ ಎಂಬ ಪ್ರಶ್ನೆ ಉಳಿದುಕೊಂಡಿತು.

ಆಮೇಲಿನ ದಿನಗಳಲ್ಲಿ ಸಾಧನಾ ಮಧ್ಯಾಹ್ನವಾದರೆ ಗೇಟಿನ ಹತ್ತಿರ ನಿಲ್ಲುತ್ತಿದ್ದಳು, ಅಂಚೆಯವನಿಗಾಗಿ. ಅವನು ಕರೆಂಟ್ ಬಿಲ್ಲೋ ಬ್ಯಾಂಕಿನ ಕಾಗದವೋ ಕೊಟ್ಟು ಹೋಗುತ್ತಿದ್ದ. ಅವಳು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಒಳಗೆ ಬರುತ್ತಿದ್ದಳು. ಒಂದು ದಿನ ಇದನ್ನು ನೋಡಿ ಸಂಪತ್‌ಕುಮಾರನಿಗೆ ಪಾಪ ಅನ್ನಿಸಿತು. ನಿಜವನ್ನು ಹೇಳಿಬಿಡುವ ಎಂದು ಬಾಯಿ ತೆರೆದ. ಅಷ್ಟರಲ್ಲಿ ಉಜಿರೆ ಕಡೆಯಲ್ಲೇ ಶಶಿರಾಜ್ ಹೆಚ್ಚು ಅರ್ಜಿ ಮಾಡಿಸಿದ್ದಾನೆ ಎಂದು ಮೊಬೈಲಿಗೆ ಸುದ್ದಿ ಬಂತು. ಬಾಯಿ ಮುಚ್ಚಿದ.

ಅರ್ಜಿ ಕೊಡುವ ಕೊನೆಯ ದಿನವೂ ಬಂತು. ಪ್ರಮಾಣಪತ್ರ ಬರಲಿಲ್ಲ. ಬೆಳಿಗ್ಗೆ ಸಾಧನಾ ಇನ್ನು ಆರು ವರ್ಷ ಕಾಯಬೇಕು ಎಂದು ಒಮ್ಮೆ ಮಾತ್ರ ಹೇಳಿದಳು. ಮಧ್ಯಾಹ್ನದ ಊಟ ಮುಗಿಸಿ ಅವನು ಜಗಲಿಗೆ ಬರುವುದಕ್ಕೂ ಗೇಟು ಕಿರ್ರೆನ್ನುವುದಕ್ಕೂ ಸರಿಯಾಯಿತು. ರಾಫಿಯಾ ಮುಂದೆ, ಅವಳ ಹಿಂದೆ ಶಶಿರಾಜ್.

“ಸಂಪತ್ತಣ್ಣ, ಇವರು ಓಣಿಯ ಎಲ್ಲ ಮನೆಗೂ ಹೋಗ್ತಾ ಇದ್ರು. ನಿಮ್ಮ ಮನೆ ಯಾಕೆ ಬಿಡುದು ಅಂತ ನಾನೇ ಕರ್ಕೊಂಡು ಬಂದೆ,” ಎಂದಳು ರಾಫಿಯಾ.

ಬಾಗಿಲಿಗೆ ಬಂದವನನ್ನು ಹೊರಗೆ ಹಾಕುವ ಕ್ರಮ ನಮ್ಮಲ್ಲಿಲ್ಲ. ಕುಳಿತರು. ಸಾಧನಾ ಒಳಗಿನಿಂದ ಪುನರ್ಪುಳಿ ಶರಬತ್ತು ತಂದಳು. ಅವಳು ಶಶಿರಾಜ್‌ನ ಮುಂದೆ ಬಗ್ಗಿ ಲೋಟ ಕೊಟ್ಟದ್ದು, ಅವನು ಎರಡೂ ಕೈಯಲ್ಲಿ ತೆಗೆದುಕೊಂಡದ್ದು ಸಂಪತ್‌ಕುಮಾರನ ಕಣ್ಣಿಗೆ ಮುಳ್ಳಾಯಿತು. ಆಗಲೂ ಹೀಗೆಯೇ ಆಗಿರಬೇಕು ಎಂದುಕೊಂಡ.

“ಮೇಡಂ, ನಿಮ್ಮ ಊರು ಯಾವುದು?” ಎಂದು ಕೇಳಿದ ಶಶಿರಾಜ್.

“ಮೂಡುಬಿದಿರೆ.”

“ಹೌದಾ? ಒಳ್ಳೆಯದಾಯ್ತು, ನಮ್ಮ ಕಡೆಯವರೇ.”

ಎಂಥ ನಟನೆ! ಸಂಪತ್‌ಕುಮಾರ ಹಲ್ಲು ಕಚ್ಚಿದ. ಏನೂ ಗೊತ್ತಿಲ್ಲದವರ ಹಾಗೆ, ಈಗಷ್ಟೇ ಪರಿಚಯ ಆದವರ ಹಾಗೆ. ಇಬ್ಬರೂ ಸೇರಿ ತನ್ನ ಜಗಲಿಯಲ್ಲೇ ತನಗೆ ನಾಟಕ ತೋರಿಸುತ್ತಿದ್ದಾರೆ.

“ನಿಮ್ಮದು ನೋಂದಣಿ ಆಗಿದೆ ಅಲ್ವಾ?”

“ಇಲ್ಲ. ಪ್ರಮಾಣಪತ್ರ ಬರ್ಲಿಲ್ಲ. ಮಾರ್ಕ್ಸ್ ಕಾರ್ಡ್ ಮಾತ್ರ ಇರುದು.”

ಶಶಿರಾಜ್ ಲೋಟ ಕೆಳಗಿಟ್ಟ. “ಅದು ಸಾಕಲ್ಲ ಮೇಡಂ! ಸಂಪತ್ತಣ್ಣ ಹೇಳ್ಲಿಲ್ವಾ?”

“ನಾನು ಅದನ್ನೇ ಕೊಟ್ಟದ್ದು,” ಎಂದಳು ರಾಫಿಯಾ. “ಸಂಪತ್ತಣ್ಣನ ಕೈಗೇ ಕೊಟ್ಟದ್ದು.”

ಸಾಧನಾ ಗಂಡನ ಕಡೆಗೆ ತಿರುಗಿದಳು. ಸಿಟ್ಟಿನಿಂದ ಅಲ್ಲ, ಅರ್ಥವಾಗದೆ. “ನನಗೆ ಮಾತ್ರ ಯಾಕೆ ಹಾಗೆ ಹೇಳಿದ್ರಿ?”

ಮರೆತುಹೋಯಿತು ಎನ್ನಬಹುದಿತ್ತು. ನಿಯಮ ಬದಲಾಗಿದೆ ಎನ್ನಬಹುದಿತ್ತು. ಸುಳ್ಳು ಹೇಳಲು ಬಾರದವನೇನೂ ಅಲ್ಲ. ಆದರೆ ಹದಿನಾಲ್ಕು ವರ್ಷ ಬೇಯುತ್ತಿದ್ದದ್ದು ಆ ಹೊತ್ತಿಗೆ ಉಕ್ಕಿತು.

“ಯಾಕೆ ಅಂತ ನನ್ನನ್ನು ಕೇಳ್ತೀಯಾ? ಇವರನ್ನು ಕೇಳು! ನಿನ್ನನ್ನು ನೋಡ್ಲಿಕ್ಕೆ ಬಂದಿದ್ರಲ್ಲ ಇವರು! ಮದುವೆಗೆ! ಗೊತ್ತಿಲ್ಲ ಅಂತ ಮಾಡ್ಬೇಡಿ ಇಬ್ಬರೂ. ನಿನ್ನ ಚಿಕ್ಕಮ್ಮ ನನಗೆ ಎಲ್ಲ ಹೇಳಿದ್ದಾರೆ!”

ರಾಫಿಯಾ ತಲೆಯ ಮೇಲಿನ ಶಾಲು ಸರಿಮಾಡಿಕೊಂಡು ಗೇಟಿನ ಕಡೆ ನೋಡಿದಳು. ಶಶಿರಾಜ್ ತಲೆ ಎತ್ತಿ ಸಾಧನಾಳ ಮುಖ ನೋಡಿದ. ಸಾಧನಾ ಶಶಿರಾಜ್‌ನ ಮುಖ ನೋಡಿದಳು. ಸರಿಯಾಗಿ, ಹಣೆಯಿಂದ ಗಲ್ಲದವರೆಗೆ, ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡದ್ದು ಅದೇ ಮೊದಲು.

“ಮೂಡುಬಿದಿರೆಯಲ್ಲಿ ಎಲ್ಲಿ ನಿಮ್ಮ ಮನೆ?” ಎಂದ ಅವನು, ನಿಧಾನವಾಗಿ.

“ಜೈನ ಪೇಟೆ. ನಿಮ್ಮದು?”

“ಮೂಲ ಮನೆ ವೇಣೂರು.”

“ವೇಣೂರಿನ ಸಂಬಂಧ!” ಎಂದಳು ಸಾಧನಾ.

ನಮ್ಮ ಕಡೆ ನೋಡಲು ಬರುವ ಹುಡುಗನಿಗೆ ಹೆಸರಿರುವುದಿಲ್ಲ. ಅವನು ವೇಣೂರಿನ ಸಂಬಂಧ, ಕಾರ್ಕಳದ ಸಂಬಂಧ, ಅಷ್ಟೇ. ಕೂಡಿ ಬಂದರೆ ಹೆಸರು, ಇಲ್ಲದಿದ್ದರೆ ಊರಿನ ಹೆಸರೂ ಮರೆತುಹೋಗುತ್ತದೆ. ಹುಡುಗಿ ತಟ್ಟೆ ಇಟ್ಟು ಒಳಗೆ ಹೋಗುತ್ತಾಳೆ. ಹುಡುಗ ತಟ್ಟೆಯನ್ನು ನೋಡುತ್ತಾನೆ. ಆ ಮನೆಯಲ್ಲಿ ಶಶಿರಾಜ್ ಎಂಬ ಹೆಸರನ್ನು ಹಿಡಿದಿಟ್ಟುಕೊಂಡಿದ್ದವನು ಸಂಪತ್‌ಕುಮಾರ ಒಬ್ಬನೇ.

“ಒಂದು ಕೆಂಪು ನಾಯಿ ಇತ್ತಲ್ಲ ಅಲ್ಲಿ?” ಎಂದ ಶಶಿರಾಜ್. ಅವನ ಮುಖ ಅರಳುತ್ತಿತ್ತು. “ನನ್ನ ಒಂದು ಚಪ್ಪಲಿ ಕಚ್ಚಿಕೊಂಡು ಓಡಿತ್ತು!”

“ಅಯ್ಯೋ, ಅದು ನೀವಾ! ನಮ್ಮ ಅಣ್ಣನ ಒಂದು ಚಪ್ಪಲಿ ಹಾಕಿಕೊಂಡು ಹೋದವರು!”

“ಎರಡೂ ಎಡಗಾಲಿನದ್ದು ಮೇಡಂ! ಬಸ್ ಹತ್ತಿದ ಮೇಲೆ ಗೊತ್ತಾದದ್ದು!”

ಸಾಧನಾ ನಕ್ಕಳು. ಸೆರಗನ್ನು ಬಾಯಿಗೆ ಇಟ್ಟುಕೊಂಡು, ಭುಜ ಕುಲುಕಿಸಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಶಶಿರಾಜ್ ಹಲ್ಲು ಕೀಳಿಸಿಕೊಂಡ ಕಡೆಯ ಕೆನ್ನೆ ಹಿಡಿದುಕೊಂಡು ನಕ್ಕ. ರಾಫಿಯಾಳಿಗೂ ತಡೆಯಲಾಗಲಿಲ್ಲ. ಸಂಪತ್‌ಕುಮಾರ ಕಂಬದ ಹಾಗೆ ನಿಂತಿದ್ದ. ತನ್ನ ಹೆಂಡತಿ ಹಾಗೆ ನಗುವುದನ್ನು ಅವನು ಯಾವಾಗ ನೋಡಿದ್ದು ಎಂದು ಯೋಚಿಸಿದ, ನೆನಪಾಗಲಿಲ್ಲ. ಅಷ್ಟು ವರ್ಷಗಳ ಹೊಟ್ಟೆಕಿಚ್ಚು ಬರೀ ತರಬೇತಿ ಎಂದೂ ನಿಜವಾದದ್ದು ಈಗ ಶುರುವಾದದ್ದು ಎಂದೂ ಅವನಿಗೆ ಗೊತ್ತಾಯಿತು.

ನಗು ನಿಂತ ಮೇಲೆ ಶಶಿರಾಜ್ ಗಡಿಯಾರ ನೋಡಿದ. “ಮೇಡಂ, ಕಚೇರಿ ಇನ್ನೂ ತೆರೆದುಂಟು. ಕಾರ್ಡ್ ಕೊಡಿ, ನಾನೇ ಸಹಿ ಹಾಕಿಸಿ ಕೊಡ್ತೇನೆ.”

“ಬೇಡ,” ಎಂದಳು ಸಾಧನಾ. “ನಿಮ್ಮ ಲೆಕ್ಕಕ್ಕೂ ಬೇಡ, ಮುರಳಿಯವರ ಲೆಕ್ಕಕ್ಕೂ ಬೇಡ. ನನ್ನದನ್ನು ನಾನೇ ಕೊಡ್ತೇನೆ. ರಾಫಿಯಾ, ಸ್ಕೂಟರ್ ತೆಗಿ, ಹೋಗುವ.”

ಒಳಗೆ ಹೋಗಿ ಅಂಕಪಟ್ಟಿ ತಂದಳು. ಗಂಡನ ಪಕ್ಕದಲ್ಲೇ ಹಾದು ಮೆಟ್ಟಿಲು ಇಳಿದಳು, ಹೇಳಿ ಹೋಗಲಿಲ್ಲ. ಶಶಿರಾಜ್ ಎದ್ದು ಕೈ ಮುಗಿದು, “ಸಂಪತ್ತಣ್ಣ, ನೀವು ತಪ್ಪು ತಿಳಿಯಬಾರದು,” ಎಂದು ಏನೇನೋ ಹೇಳಿ ಹೋದ. ಸಂಪತ್‌ಕುಮಾರ ಆ ದಿನ ವರದಿ ಕಳಿಸಲಿಲ್ಲ. ಮಾಸ್ಟರ ಫೋನ್ ಬಂದಾಗ ಎತ್ತಲೂ ಇಲ್ಲ.

ಬೆಳ್ತಂಗಡಿಯಲ್ಲಿ ಸರಕಾರಿ ಕಾಲೇಜಿನ ಪ್ರಿನ್ಸಿಪಾಲರನ್ನು ಹುಡುಕಿ, ಸಹಿ ಹಾಕಿಸಿ, ತಾಲೂಕು ಕಚೇರಿಯ ಸರತಿಯಲ್ಲಿ ನಿಂತು ಸಾಧನಾ ಬರುವಾಗ ಬೆಳಕು ಕೆಂಪಾಗಿತ್ತು. ಬೆಳಗಿನ ಅನ್ನವನ್ನೇ ಬಿಸಿಮಾಡಿ ಬಡಿಸಿದಳು. ಎದುರುಬದುರು ಕುಳಿತರು.

“ತಗೊಂಡ್ರಾ?” ಎಂದ ಅವನು.

“ತಗೊಂಡ್ರು.”

“ಸಿಟ್ಟು ಬಂತಾ ನಿನಗೆ?”

“ಬಂದಿದೆ. ಸಂಶಯಪಟ್ಟದ್ದಕ್ಕಲ್ಲ, ಅದು ನಿಮ್ಮ ಗುಣ. ನನ್ನ ಓದನ್ನು ತಡೆದು ಇಟ್ಟಿರಲ್ಲ, ಅದಕ್ಕೆ ಬಂದಿದೆ. ಅದು ಬೇಗ ಹೋಗುದಿಲ್ಲ.”

ಅವನು ಅಲ್ಲಿಗೆ ಸುಮ್ಮನಿದ್ದಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಹೊಟ್ಟೆಕಿಚ್ಚಿಗೆ ಮರ್ಯಾದೆ ಎಲ್ಲಿಂದ?

“ಹಾಗಾದ್ರೆ ಯಾರಿಗೆ ಹಾಕ್ತೀ?”

ಸಾಧನಾ ಅವನ ಬಟ್ಟಲಿಗೆ ಮಜ್ಜಿಗೆ ಬಡಿಸಿದಳು. “ಅದನ್ನು ಹೇಳ್ಲಿಕ್ಕಿಲ್ಲ, ಕಾನೂನು ಉಂಟು,” ಎಂದಳು. ಮಜ್ಜಿಗೆಯ ಪಾತ್ರೆ ಮುಚ್ಚಿ ಮುಂದುವರಿಸಿದಳು. “ಮತ್ತೆ, ಇನ್ನು ಊಟಕ್ಕೆ ಕೂತಾಗ ಅವರ ಹೆಸರು ತೆಗೀಬೇಡಿ. ಇಷ್ಟು ದಿನ ನೀವು ಹೇಳುವಾಗ ಯಾರೋ ಏನೋ ಅಂತ ನಾನು ಉಣ್ತಾ ಇದ್ದೆ. ಇನ್ನು ಹೇಳಿದ್ರೆ ಮುಖ ನೆನಪಿಗೆ ಬರ್ತದೆ.”